ಅಪಘಾತದ ಹೊರೆ ಯಾರ ಹೆಗಲಿಗೆ? ಆಹಾರ ಸಂಸ್ಕರಣಾ ಘಟಕಗಳು ಮತ್ತು ಕಾರ್ಮಿಕ ಪರಿಹಾರ ವಿಮೆ



ಬೆಲ್ಲ, ಅಕ್ಕಿ, ಗೋಡಂಬಿ, ಶೇಂಗಾ ಎಣ್ಣೆ ಇವೆಲ್ಲ ನಮ್ಮ ಅಡುಗೆಮನೆಗೆ ಬರುವ ಮೊದಲು ಯಂತ್ರವನ್ನೋ ಬೆಂಕಿಯನ್ನೋ ಹಾದು ಬರುತ್ತವೆ. ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವವನ ಕೈ ರೋಲರಿಗೆ ತೀರ ಹತ್ತಿರದಲ್ಲಿರುತ್ತದೆ. ಕೊಪ್ಪರಿಗೆಯ ಬಳಿ ನಿಂತವನ ಮೈಮೇಲೆ ಕುದಿಯುವ ಪಾಕ ಚೆಲ್ಲಬಹುದು. ಅಕ್ಕಿ ಗಿರಣಿಯಲ್ಲಿ ಮುಚ್ಚಿಗೆಯಿಲ್ಲದೆ ಓಡುವ ಬೆಲ್ಟು, ಗೋಡಂಬಿ ಕಾರ್ಖಾನೆಯಲ್ಲಿ ಚರ್ಮ ಸುಡುವ ಸಿಪ್ಪೆಯ ಎಣ್ಣೆ, ಮೀನಿನ ಶೀತಲಗೃಹದಲ್ಲಿ ಅಮೋನಿಯಾ. ಇವು ಆಕಸ್ಮಿಕಗಳಲ್ಲ, ಆಯಾ ಕಸುಬಿನೊಳಗೇ ಇರುವ ಅಪಾಯಗಳು. ಕಸುಬಿನೊಳಗಿನ ಅಪಾಯದ ಖರ್ಚು ಕಸುಬಿನ ಖರ್ಚೇ ಆಗಬೇಕು. ಅದನ್ನು ಮಾಲೀಕ ಕಂತುಕಂತಾಗಿ ಮುಂಚೆಯೇ ಕಟ್ಟದಿದ್ದರೆ, ಕಾರ್ಮಿಕ ಒಂದೇ ದಿನ ತನ್ನ ದೇಹದಿಂದ ತೆರುತ್ತಾನೆ. ಆದ್ದರಿಂದ ಕಾರ್ಮಿಕರ ರಾಜ್ಯ ವಿಮೆ (ಇ.ಎಸ್.ಐ.) ಇಲ್ಲದ ಪ್ರತಿಯೊಂದು ಆಹಾರ ಸಂಸ್ಕರಣಾ ಘಟಕಕ್ಕೂ ಪರಿಹಾರ ವಿಮೆ ಕಡ್ಡಾಯವಾಗಬೇಕು ಎಂಬುದು ಈ ಉಪನ್ಯಾಸದ ವಾದ.

1923ರ ಕಾರ್ಮಿಕ ಪರಿಹಾರ ಕಾಯ್ದೆಯೇ ಈ ಹೊಣೆಯನ್ನು ಗುರುತಿಸಿತು. ಕೆಲಸದಿಂದ, ಕೆಲಸದ ವೇಳೆಯಲ್ಲಿ ಗಾಯವಾದರೆ ಮಾಲೀಕನ ತಪ್ಪು ಸಾಬೀತಾಗದಿದ್ದರೂ ಪರಿಹಾರ ಕೊಡಬೇಕೆಂದಿತು. 1948ರ ಇ.ಎಸ್.ಐ. ಕಾಯ್ದೆ ಆ ಹೊಣೆಯನ್ನು ಒಬ್ಬೊಬ್ಬ ಮಾಲೀಕನಿಂದ ಎತ್ತಿ ಸಾಮೂಹಿಕ ನಿಧಿಗೆ ಒಪ್ಪಿಸಿತು. ಆದರೆ ಆ ನಿಧಿಯ ನೆರಳು ಎಲ್ಲರಿಗೂ ಸಿಗಲಿಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ಘಟಕಗಳು ಸಾಮಾನ್ಯವಾಗಿ ಹೊರಗುಳಿದವು. ಋತುಮಾನದ ಕಾರ್ಖಾನೆಗಳೆಂದು ಬೆಲ್ಲ, ಸಕ್ಕರೆ, ಕಾಫಿ, ಚಹಾ ತಯಾರಿಕೆಯನ್ನೂ ಶೇಂಗಾ ಸುಲಿಯುವ ಘಟಕಗಳನ್ನೂ ಹೆಸರಿಸಿಯೇ ಹೊರಗಿಡಲಾಯಿತು. ಮಂಡ್ಯದ ಬೆಲ್ಲಕ್ಕೂ ಚಳ್ಳಕೆರೆಯ ಶೇಂಗಾಕ್ಕೂ ಈ ಮಾತು ನೇರವಾಗಿ ತಾಕುತ್ತದೆ. ಎರಡೂ ಕಾಯ್ದೆಗಳನ್ನು ಒಳಗೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಋತುಮಾನದ ಕಾರ್ಖಾನೆಗಳ ಈ ವಿನಾಯಿತಿಯನ್ನು ಉಳಿಸಿಕೊಂಡಿದೆ. ಹೊರಗುಳಿದವರಿಗೆ ಪರಿಹಾರದ ಹಕ್ಕು ಕಾಗದದ ಮೇಲೆ ಇದೆ, ಹಣಕ್ಕೆ ಖಾತರಿಯಿಲ್ಲ. ಮಾಲೀಕ ವಿಮೆ ಮಾಡಿಸಲೇಬೇಕೆಂದು ಪರಿಹಾರದ ಕಾನೂನು ಹೇಳುವುದಿಲ್ಲ.

ಇದರ ಪರಿಣಾಮ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. 30 ವರ್ಷದ ಕಾರ್ಮಿಕನೊಬ್ಬ ತಿಂಗಳಿಗೆ 15,000 ರೂಪಾಯಿ ದುಡಿಯುತ್ತಾನೆ ಎನ್ನೋಣ. 2020ರ ಜನವರಿಯಲ್ಲಿ ಪರಿಹಾರದ ಲೆಕ್ಕಕ್ಕೆ ನಿಗದಿಯಾದ ವೇತನ ಮಿತಿಯೂ ಅದೇ. ಆತ ಸತ್ತರೆ ವೇತನದ ಅರ್ಧವನ್ನು ಆ ವಯಸ್ಸಿನ ಗುಣಕವಾದ 207.98ರಿಂದ ಗುಣಿಸಬೇಕು, ಬರುವ ಮೊತ್ತ 15,59,850 ರೂಪಾಯಿ. ಶಾಶ್ವತ ಅಂಗವೈಕಲ್ಯಕ್ಕೆ ಲೆಕ್ಕ ಹಿಡಿಯುವ ವೇತನದ ಪಾಲು ಅರ್ಧಕ್ಕಿಂತ ಹೆಚ್ಚು; ಒಂದು ಕೈಯ ನಾಲ್ಕೂ ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 50 ನಷ್ಟವೆಂದು ಎಣಿಸಿ 9,35,910 ರೂಪಾಯಿ. ಇದೇ ಕಾರ್ಮಿಕ ಇ.ಎಸ್.ಐ.ಯಲ್ಲಿದ್ದರೆ ಮಾಲೀಕನ ಪಾಲು ಶೇ. 3.25, ಅಂದರೆ ವರ್ಷಕ್ಕೆ 5,850 ರೂಪಾಯಿ. ಅದರಲ್ಲಿ ಕುಟುಂಬದ ವೈದ್ಯಕೀಯ ಸೌಲಭ್ಯವೂ ಸೇರಿದೆ. ಇಂಥ ಹತ್ತು ಜನರಿಗೆ 26 ವರ್ಷ ಕಟ್ಟುವ ವಂತಿಗೆಯೂ ಒಂದು ಸಾವಿನ ಪರಿಹಾರಕ್ಕೆ ಸಾಲದು. ಸಾಲದಲ್ಲಿ ನಡೆಯುವ ಆಲೆಮನೆಯ ಯಜಮಾನ ಹದಿನೈದು ಲಕ್ಷವನ್ನು ಒಮ್ಮೆಗೇ ಎಲ್ಲಿಂದ ತಂದಾನು? ಆಗ ನಡೆಯುವುದು ರಾಜಿ ಪಂಚಾಯಿತಿ. ಸ್ವಲ್ಪ ಹಣ ಕೈಗಿಟ್ಟು ಊರಿಗೆ ಕಳಿಸುವುದು, ಅಥವಾ ವರ್ಷಗಟ್ಟಲೆ ಕೇಸು ನಡೆಸುವುದು. ವಿಮೆಯಿಲ್ಲದ ಹೊಣೆ ಇಬ್ಬರನ್ನೂ ಮುಳುಗಿಸುತ್ತದೆ.

ಸಣ್ಣ ಘಟಕಗಳಿಗೆ ಲಾಭವೇ ತೆಳುವಾಗಿರುವಾಗ ಇನ್ನೊಂದು ಖರ್ಚು ಹೇರುವುದು ಸರಿಯೇ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳುವಂತಿಲ್ಲ. ಆದರೆ ಹೊಣೆ ಹೊಸದಲ್ಲ. ವಿಮೆ ಅದನ್ನು ತಾಳಿಕೊಳ್ಳುವ ಕಂತುಗಳಾಗಿ ಒಡೆಯುತ್ತದೆ, ಅಷ್ಟೇ. ವಿಮೆಯಿದ್ದರೆ ಮಾಲೀಕ ಅಜಾಗರೂಕನಾಗುತ್ತಾನೆ ಎಂಬ ಎರಡನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಇ.ಎಸ್.ಐ. ದರ ಗುಮಾಸ್ತನಿಗೂ ಯಂತ್ರದ ಮುಂದೆ ನಿಲ್ಲುವವನಿಗೂ ಒಂದೇ. ಅದು ಸುರಕ್ಷತೆಗೆ ಬಹುಮಾನ ಕೊಡುವುದಿಲ್ಲ. ಖಾಸಗಿ ಪಾಲಿಸಿಯ ಪ್ರೀಮಿಯಂ ಕೆಲಸದ ಅಪಾಯವನ್ನೂ ಒಟ್ಟು ಕೂಲಿಯನ್ನೂ ನೋಡಿ ನಿರ್ಧಾರವಾಗುವುದರಿಂದ, ರೋಲರಿಗೆ ರಕ್ಷಣಾ ಕವಚ ಹಾಕಿಸಿದವನಿಗೆ ರಿಯಾಯಿತಿ ಕೊಡಲು ಅಲ್ಲಿ ಅವಕಾಶವಿದೆ. ಪರಿಹಾರವನ್ನು ತಡಮಾಡಿದ್ದಕ್ಕೆ ಬೀಳುವ ದಂಡವಂತೂ ವಿಮಾ ಕಂಪನಿಯದಲ್ಲ, ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಸ್ಪಷ್ಟಪಡಿಸಿದೆ. ಕಾರ್ಮಿಕನೇ ಎಚ್ಚರ ತಪ್ಪಿದರೆ ಎಂಬ ಮೂರನೆಯ ಮಾತಿಗೆ ಉತ್ತರ ಕಾನೂನಿನಲ್ಲೇ ಇದೆ: ಬರಿಯ ಅಜಾಗರೂಕತೆ ಪರಿಹಾರವನ್ನು ತಪ್ಪಿಸುವುದಿಲ್ಲ.

ಕಡ್ಡಾಯ ವಿಮೆ ನಮಗೆ ಅಪರಿಚಿತವೂ ಅಲ್ಲ. ರಸ್ತೆಯಲ್ಲಿ ಲಾರಿ ಬಡಿದವನಿಗೆ ಪರಿಹಾರ ಸಿಗಲೆಂದು ಮೋಟಾರು ವಾಹನ ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡಿದೆ. ಗ್ರಾಚ್ಯುಟಿಗೆ ಕಡ್ಡಾಯ ವಿಮೆಯ ನಿಯಮಗಳನ್ನು ಕರ್ನಾಟಕ 2024ರಲ್ಲಿ ತಂದಿದೆ. ನಿವೃತ್ತಿಯ ಹಣಕ್ಕೆ ಸಲ್ಲುವ ಖಾತರಿ ಕತ್ತರಿಸಿಹೋದ ಕೈಗೆ ಸಲ್ಲಬಾರದೇಕೆ? ಕಿರು ಆಹಾರ ಘಟಕಗಳ ಯಂತ್ರಗಳಿಗೆ ಕೇಂದ್ರದ ಯೋಜನೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಡುತ್ತದೆ. ಆ ಸಹಾಯಧನಕ್ಕೆ ಎರಡು ಷರತ್ತು ಸೇರಲಿ: ಯಂತ್ರಕ್ಕೆ ರಕ್ಷಣಾ ಕವಚ, ದುಡಿಯುವವರಿಗೆ ವಿಮೆ. ಮೊದಲ ವರ್ಷಗಳ ಪ್ರೀಮಿಯಮ್ಮಿನ ಒಂದು ಪಾಲನ್ನು ಸರ್ಕಾರವೇ ಭರಿಸಲಿ. ಯಂತ್ರ ಕೊಳ್ಳಲು ಸಾರ್ವಜನಿಕ ಹಣ ಕೊಡುವ ರಾಜ್ಯಕ್ಕೆ, ಆ ಯಂತ್ರದ ಮುಂದೆ ನಿಲ್ಲುವವನ ಕೈಯನ್ನು ಕಾಯುವ ಕರ್ತವ್ಯವೂ ಇದೆ.