ವಂಶಪಾರಂಪರ್ಯ ಕಾಯಿಲೆ: ಬಿಡಿಸಿ ಹೇಳುವವರು ಬೇಕು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ಒಡೆಯದ ಹಾಗೆ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಅದಕ್ಕಾಗಿ ಮೊದಲು ನಿಮ್ಮೆಲ್ಲರಿಗೂ ನಮ್ಮ ಅಭಿನಂದನೆಗಳು. ಹಬ್ಬದಂಥ ದಿನ ಕಾಯಿಲೆ ವಿಚಾರ ಯಾಕೆ ಅಂತ ಕೆಲವರಿಗೆ ಅನಿಸಬಹುದು. ಆದರೆ ಊರಿನ ಎಲ್ಲ ಮನೆಯವರೂ ಒಟ್ಟಿಗೆ ಸಿಗುವ ದಿನ ನಮಗೆ ಇನ್ಯಾವುದಿದೆ?

ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ನಾವು ಕೆಲಸ ಮಾಡುತ್ತಿದ್ದಾಗ ನಡೆದ ಸಂಗತಿ ಹೇಳುತ್ತೇವೆ. ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದರು. ಮಗು ಬಿಳಿಚಿಕೊಂಡಿತ್ತು, ಸರಿಯಾಗಿ ಹಾಲು ಕುಡಿಯುತ್ತಿರಲಿಲ್ಲ. ರಕ್ತ ಕಡಿಮೆ ಅಂತ ನಾವು ಕಬ್ಬಿಣಾಂಶದ ಸಿರಪ್ ಕೊಟ್ಟೆವು. ಎರಡು ತಿಂಗಳಾದರೂ ರಕ್ತ ಏರಲಿಲ್ಲ. ಅಲ್ಲಿ ನಾವು ತಡ ಮಾಡಿದೆವು, ಒಪ್ಪಿಕೊಳ್ಳಬೇಕು. ದೊಡ್ಡಾಸ್ಪತ್ರೆಗೆ ಕಳಿಸಿದ ಮೇಲೆ ತಿಳಿಯಿತು, ಅದು ಥಲಸೇಮಿಯಾ. ಇಂಥ ಮಗುವಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಬೇಕು. ಹಾಗೆ ಹಾಕಿಸಿದ ರಕ್ತದ ಕಬ್ಬಿಣ ಮೈಯಲ್ಲಿ ಸೇರಿಕೊಳ್ಳುತ್ತದೆ, ಅದನ್ನು ಹೊರಗೆ ಹಾಕಲು ಬೇರೆ ಔಷಧ.

ಆ ಮನೆಯಲ್ಲಿ ಅಕ್ಕನ ಮಗಳನ್ನೇ ತಂದುಕೊಂಡಿದ್ದರು. ಅಂದರೆ ಅತ್ತೆಯೇ ಹುಡುಗಿಯ ಸ್ವಂತ ಅಜ್ಜಿ. ಆ ಅಜ್ಜಿಯೇ "ಇವಳು ಕಾಲಿಟ್ಟಿದ್ದೇ ಕಾಲಿಟ್ಟಿದ್ದು, ಮನೆಗೆ ಇಂಥ ಕಷ್ಟ ಬಂತು" ಎಂದು ಮೊಮ್ಮಗಳನ್ನು ಆಡಿಕೊಳ್ಳುತ್ತಿದ್ದರು. ಹುಡುಗಿ ಬಾಯಿ ಬಿಡುತ್ತಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಆಪ್ತ ಸಮಾಲೋಚಕಿ ಇದ್ದರು. ಅವರು ಇಂಜೆಕ್ಷನ್ ಕೊಡುವವರಲ್ಲ, ಔಷಧಿ ಬರೆಯುವವರಲ್ಲ. ಎಲ್ಲರನ್ನೂ ಕೂರಿಸಿಕೊಂಡು, ಒಂದು ಹಾಳೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಹಾಕುತ್ತಾ ಮೂರು ತಲೆಮಾರು ಬರೆದರು. ಮಗುವಿನ ಅಪ್ಪನ ಕಡೆಯ ಗೆರೆಯೂ ಅಮ್ಮನ ಕಡೆಯ ಗೆರೆಯೂ ಮೇಲೆ ಹೋಗಿ ಒಂದೇ ಜಾಗಕ್ಕೆ ಸೇರಿದವು. ಅಜ್ಜಿ ಬಹಳ ಹೊತ್ತು ನೋಡಿ, "ಹಂಗಾರೆ ನನ್ನಿಂದ್ಲೇ ಬಂತೇನವ್ವಾ?" ಅಂದರು.

"ನಿಮ್ಮಿಂದಲೋ ತಾತನಿಂದಲೋ ಬಂದಿರಬಹುದು ಅಜ್ಜಿ. ನಿಮಗೂ ಹಿಂದಿನವರು ಯಾರೋ ಕೊಟ್ಟಿದ್ದು. ಗೊತ್ತಿಲ್ಲದೆ ಕೊಟ್ಟಿದ್ದಕ್ಕೆ ಯಾರ ಮೇಲೂ ತಪ್ಪು ಹೊರಿಸೋಕಾಗಲ್ಲ" ಅಂದರು ಆಕೆ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಮೊಮ್ಮಗಳ ತೊಡೆಯ ಮೇಲಿದ್ದ ಕೂಸನ್ನು ತಾವು ಎತ್ತಿಕೊಂಡರು. ನಮ್ಮ ಯಾವ ಔಷಧಿಯಿಂದಲೂ ಆಗದ ಕೆಲಸ ಆ ಹಾಳೆಯಿಂದ ಆಯಿತು.

ಈಗ ವಿಷಯ ಸ್ವಲ್ಪ ತಿಳಿಯೋಣ. ನಮ್ಮ ಪ್ರತಿ ಗುಣಕ್ಕೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ವಂಶವಾಹಿ ಬರುತ್ತದೆ. ಥಲಸೇಮಿಯಾದಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಅಂಥವರನ್ನು ವಾಹಕರು ಎನ್ನುತ್ತೇವೆ. ವಾಹಕರು ರೋಗಿಗಳಲ್ಲ. ಹೊಲ ಉಳುತ್ತಾರೆ, ಹಾಲು ಕರೆಯುತ್ತಾರೆ, ಎಲ್ಲರ ಹಾಗೆ ಬಾಳುತ್ತಾರೆ. ಗಂಡ-ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಾಯ್ತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ತಿಳಿಯಬಾರದು. ಪ್ರತಿ ಸಲವೂ ಲೆಕ್ಕ ಹೊಸದಾಗಿಯೇ ಶುರು. ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚು. ಹಾಗಂತ ಹೊರಗಿನ ಸಂಬಂಧದಲ್ಲಿ ಆಗುವುದೇ ಇಲ್ಲ ಎಂದಲ್ಲ. ನಮ್ಮ ದೇಶದಲ್ಲಿ ಸರಾಸರಿ ನೂರಕ್ಕೆ ಮೂರು-ನಾಲ್ಕು ಮಂದಿ ಈ ದೋಷದ ವಾಹಕರು. ಒಂದು ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ.

ಈ ಕೆಲಸಕ್ಕೆ ಅಮೆರಿಕದಲ್ಲಿ 1947ರಲ್ಲಿ ಶೆಲ್ಡನ್ ರೀಡ್ ಎಂಬ ವಿಜ್ಞಾನಿ 'ಜೆನೆಟಿಕ್ ಕೌನ್ಸೆಲಿಂಗ್' ಎಂದು ಹೆಸರಿಟ್ಟರು. ಬಹುಕಾಲ ಅದು ದೊಡ್ಡ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲೇ ಇತ್ತು. ಕಾಯಿಲೆಯ ಮಗು ಹುಟ್ಟಿದ ಮೇಲೆ ಅಪ್ಪ-ಅಮ್ಮ ಅಲ್ಲಿಗೆ ಹೋಗುತ್ತಿದ್ದರು, ಮುಂದಿನ ಮಗುವಿನ ಲೆಕ್ಕ ಕೇಳಿಕೊಂಡು ಬರುತ್ತಿದ್ದರು.

ಈಗ ಹಾಗಿಲ್ಲ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ಎಂಬ ಇನ್ನೊಂದು ವಂಶಪಾರಂಪರ್ಯ ರಕ್ತದ ಕಾಯಿಲೆಯ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಪ್ರಾರಂಭಿಸಿತು. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇಟ್ಟುಕೊಂಡಿತು. ಆ ಪಟ್ಟಿಯ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪರೀಕ್ಷೆ ಹಳ್ಳಿಗೆ ಬಂದ ಮೇಲೆ ಬಿಡಿಸಿ ಹೇಳುವ ಮಾತೂ ಹಳ್ಳಿಗೇ ಬರಬೇಕು. ಸಮಾಲೋಚಕರು ಬೆರಳೆಣಿಕೆಯಷ್ಟು ಮಂದಿ, ಊರೂರಿಗೆ ಅವರು ಬರಲಾರರು. ಆದ್ದರಿಂದ ಮೊದಲ ಮಾತು ಆಶಾ ಕಾರ್ಯಕರ್ತೆಯರದು, ನರ್ಸಮ್ಮನವರದು, ನಮ್ಮದು. ನಮಗೆ ಕಲಿಸಿಕೊಡುವುದು, ಕಠಿಣವಾದವನ್ನು ಫೋನಿನಲ್ಲೋ ಎದುರಿನಲ್ಲೋ ತಾವೇ ಕೂತು ಬಿಡಿಸುವುದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಮೂರೂ ಸೇರಿವೆ ಎಂದು ತಿಳಿಸಿ ಸೌಲಭ್ಯದ ದಾರಿ ತೋರಿಸುವುದು, ಇವು ಸಮಾಲೋಚಕರ ಹೊಸ ಜವಾಬ್ದಾರಿಗಳು.

ಈ ಕೆಲಸ ತಪ್ಪಿದರೆ ಏನಾಗುತ್ತದೆ? ಹಿಂದೊಮ್ಮೆ ಶಿಬಿರದಲ್ಲಿ ನಾವೇ ಹೆಸರು ಕೂಗಿ ವರದಿ ಹಂಚಿದೆವು. ಒಬ್ಬ ಹುಡುಗಿ ವಾಹಕಿ ಎಂಬ ಮಾತು ಸಂಜೆಯೊಳಗೆ ಊರೆಲ್ಲ ಹರಡಿತು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಹುಡುಗನ ರಕ್ತವನ್ನು ಯಾರೂ ನೋಡಿರಲಿಲ್ಲ. ಅವನು ವಾಹಕನಲ್ಲದಿದ್ದರೆ ಮಕ್ಕಳಿಗೆ ಕಾಯಿಲೆಯ ಭಯವೇ ಇರಲಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯ ಹೆಸರು ನೀವು ಕೇಳಿರಬಹುದು. 1970ರ ದಶಕದಲ್ಲಿ ಕೀಲುಗಳನ್ನು ಹಿಡಿಯುವ ಆ ಕಾಯಿಲೆ ಕಂಡಾಗ ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಅನುಮಾನ ಹೋಗಿತ್ತು. ವಂಶಪಾರಂಪರ್ಯವೆಂದು ತಿಳಿದದ್ದು ಆಮೇಲೆ. ಆದರೆ ಊರಿನ ಹೆಸರು ಕಾಯಿಲೆಗೆ ಅಂಟಿಕೊಂಡೇ ಉಳಿಯಿತು. ಮನುಷ್ಯರಿಗೂ ಹಾಗೇ, ಅಂಟಿದ ಹೆಸರು ಬೇಗ ಬಿಡುವುದಿಲ್ಲ. ಡೇರಿಯಲ್ಲಿ ಡಿಗ್ರಿ ಬರದ ಹಾಲನ್ನು ವಾಪಸು ಕಳಿಸಬಹುದು. ಮನುಷ್ಯರನ್ನು ಹಾಗೆ ವಾಪಸು ಕಳಿಸಲಾಗದು.

ಔಷಧವೂ ಮುಂದುವರಿದಿದೆ. ವಂಶವಾಹಿಯನ್ನೇ ತಿದ್ದಿ ಈ ಎರಡೂ ರಕ್ತದ ಕಾಯಿಲೆಗಳಿಗೆ ಕೊಡುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಆದರೆ ಅದರ ಖರ್ಚು ಕೋಟಿಗಳ ಲೆಕ್ಕದ್ದು. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ತಿಳಿವಳಿಕೆ.

ಆ ಮನೆಯ ಹುಡುಗಿ ಮತ್ತೆ ಬಸಿರಾದಾಗ "ಏನು ಮಾಡಲಿ, ನೀವೇ ಹೇಳಿ" ಎಂದು ಕೇಳಿದಳು. ಸಮಾಲೋಚಕಿ ತೀರ್ಮಾನ ಹೇಳಲಿಲ್ಲ. ಗರ್ಭದಲ್ಲೇ ಪರೀಕ್ಷೆ ಮಾಡಬಹುದು, ಫಲಿತಾಂಶ ಹೀಗೆ ಬಂದರೆ ಈ ದಾರಿ, ಹಾಗೆ ಬಂದರೆ ಆ ದಾರಿ ಎಂದು ತಿಳಿಸಿ, ಯೋಚಿಸಲು ಸಮಯ ಕೊಟ್ಟರು. ಗಂಡ-ಹೆಂಡತಿ ಪರೀಕ್ಷೆಗೆ ಒಪ್ಪಿದರು. ಆ ಮಗು ವಾಹಕ ಮಾತ್ರ. ಈಗ ಶಾಲೆಗೆ ಹೋಗುತ್ತಿದೆ. ಅಕ್ಕ ಇವತ್ತಿಗೂ ರಕ್ತ ಹಾಕಿಸಿಕೊಳ್ಳುತ್ತಿದ್ದಾಳೆ.

ಸಂಘಕ್ಕೆ ನಮ್ಮ ಕೋರಿಕೆ ಮೂರು. ನಿಮ್ಮ ಆರೋಗ್ಯ ಶಿಬಿರದಲ್ಲಿ ಮದುವೆ ವಯಸ್ಸಿನ ಹುಡುಗ-ಹುಡುಗಿ ಇಬ್ಬರಿಗೂ, ಬಸುರಿಯರಿಗೂ ಈ ಪರೀಕ್ಷೆಯ ಏರ್ಪಾಟು ಇರಲಿ, ಒಪ್ಪಿದವರಿಗೆ ಮಾತ್ರ. ವರದಿಯನ್ನು ಲಕೋಟೆಯಲ್ಲಿ ಅವರವರ ಕೈಗೇ ಕೊಡೋಣ. ವರ್ಷಕ್ಕೊಮ್ಮೆ ರಕ್ತದಾನ ನಡೆಸೋಣ, ಎಲ್ಲೋ ಒಂದು ಮಗು ಆ ಬಾಟಲಿಗಾಗಿ ಕಾಯುತ್ತಿರುತ್ತದೆ. ಹನಿ ಹನಿ ಹಾಲು ಕೂಡಿಸಿ ಇಷ್ಟು ದೊಡ್ಡ ಸಂಘ ಕಟ್ಟಿದವರಿಗೆ ಇದು ಕಷ್ಟವಾಗಲಾರದು.