ಲ್ಯಾಬ್ ಬೀಗದ ಕೈ ಯಾರ ಹತ್ರ ಇದೆ?

ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ. ಅದೂ ಹೆಚ್ಚೆಂದರೆ ಎರಡು ವರ್ಷ. ಆಮೇಲೆ? ನಾನು ಕೇಳ್ತಿರೋದು ಅದಕ್ಕೂ ಮುಂಚೆ ಕಾಲೇಜಿನಲ್ಲಿ ಕಳೆದ ವರ್ಷಗಳ ಲೆಕ್ಕ. ಪ್ಲೇಸ್‌ಮೆಂಟ್ ಸೆಲ್ ಬಾಗಿಲಿಗೆ ನೀವು ಹೋಗೋದೇ ಕೊನೇ ಸೆಮಿಸ್ಟರಿನಲ್ಲಿ. ಎನ್‌ಎಸ್‌ಎಸ್‌ಗೆ ಸೇರ್ತೀರಿ; ವರ್ಷಕ್ಕೆ 120 ಗಂಟೆ ಸೇವೆ, ಹಳ್ಳಿಯಲ್ಲಿ ಏಳು ದಿನದ ಶಿಬಿರ. ಸರ್ಟಿಫಿಕೇಟ್ ಬಂತು, ಮರೆತಾಯ್ತು. ಅಲ್ರೀ, ಶಿಬಿರದಲ್ಲಿ ಐವತ್ತು ಜನರ ಊಟದ ಖರ್ಚು ಬರೆದವನು, ಹೆಡ್‌ಮಾಸ್ಟರನ್ನ ಒಪ್ಪಿಸಿ ಶಾಲೆಯ ಕೊಠಡಿ ಬಿಡಿಸಿಕೊಂಡವಳು, ಇಂಟರ್‌ವ್ಯೂನಲ್ಲಿ ‘ಅನುಭವ ಇಲ್ಲ ಸಾರ್’ ಅಂತಾರಲ್ಲ! ಕಂಪ್ಯೂಟರ್ ಲ್ಯಾಬ್‌ಗೆ ಸದಾ ಬೀಗ ಅಂತೀರಾ? ಸರಿ, ಅದು ಕಾಲೇಜಿನ ತಪ್ಪು. ಆದರೆ ತೆಗೀರಿ ಅಂತ ಯಾರಾದರೂ ಕೇಳಿದ್ದೀರಾ? ಹತ್ತು ಜನ ಸಹಿ ಹಾಕಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ನಾಳೆ ಬೆಳಿಗ್ಗೆನೇ.