ಪಿಟೀಲಿನ ಕಮಾನು ಯಾವ ಕಡೆ ಬಾಗಿದೆ?

ಮಕ್ಕಳೇ, ಪಿಟೀಲು ನುಡಿಸುವವರನ್ನು ನೋಡಿದ್ದೀರಲ್ಲ? ನಮ್ಮ ಕಣ್ಣೆಲ್ಲ ಅವರ ಎಡಗೈ ಬೆರಳುಗಳ ಮೇಲೇ ಇರುತ್ತದೆ. ಇವತ್ತು ಬಲಗೈ ಕಡೆ ನೋಡೋಣ ಬನ್ನಿ. ಅಲ್ಲೊಂದು ತೆಳ್ಳನೆಯ ಕೋಲಿದೆ. ಅದೇ ಕಮಾನು. ಉದ್ದ ಮುಕ್ಕಾಲು ಮೀಟರ್, ತೂಕ ಸುಮಾರು 60 ಗ್ರಾಂ. ಅಂದರೆ, ಒಂದು ಕೋಳಿಮೊಟ್ಟೆಯಷ್ಟೇ ಭಾರ!

ಕೋಲಿನ ಕೆಳಗೆ ಬಿಳಿ ರಿಬ್ಬನ್ನಿನಂತೆ ಕಾಣುವುದು ಕುದುರೆಯ ಬಾಲದ ಕೂದಲು. ನೂರೈವತ್ತಕ್ಕೂ ಹೆಚ್ಚು ಎಳೆಗಳನ್ನು ಬಾಚಿ, ಒಂದರ ಮೇಲೊಂದು ಏರದಂತೆ ಪಕ್ಕಪಕ್ಕ ಜೋಡಿಸಿ ಕಟ್ಟಿರುತ್ತಾರೆ. ಬರೀ ಕೂದಲನ್ನು ತಂತಿಯ ಮೇಲೆ ಎಳೆದರೆ ನಾದವೇ ಹುಟ್ಟುವುದಿಲ್ಲ, ಸುಮ್ಮನೆ ಜಾರಿಹೋಗುತ್ತದೆ. ಅದಕ್ಕೇ ಪೈನ್ ಮರದ ಅಂಟಿನಿಂದ ಮಾಡಿದ ರಾಳವನ್ನು ಕೂದಲಿಗೆ ತಿಕ್ಕುತ್ತಾರೆ.

ಈಗ ನೋಡಿ ಆಟ! ಅಂಟು ಬಳಿದುಕೊಂಡ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ. ತಂತಿ ತಪ್ಪಿಸಿಕೊಂಡು ಹಿಂದಕ್ಕೆ ಜಾರುತ್ತದೆ. ಕೂದಲು ಮತ್ತೆ ಹಿಡಿಯುತ್ತದೆ, ತಂತಿ ಮತ್ತೆ ಜಾರುತ್ತದೆ. ತರಗತಿಯಲ್ಲಿ ಬೆಂಚನ್ನು ಎಳೆದಾಗ ಕಿರ್ರ್ ಎನ್ನುವುದೂ ಇದೇ ಹಿಡಿ-ಜಾರು ಆಟದಿಂದಲೇ. ಪಾಶ್ಚಾತ್ಯ ಸಂಗೀತಕ್ಕೆ ಶ್ರುತಿ ಮಾಡಿದ ಪಿಟೀಲಿನ ಒಂದು ತಂತಿಯಲ್ಲಿ ಈ ಆಟ ಸೆಕೆಂಡಿಗೆ 440 ಸಲ ನಡೆಯುತ್ತದೆ. ನಾವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ ಹೇಳುತ್ತೇನೆ. ಕಮಾನು ಎಂದರೆ ಬಿಲ್ಲು ಎಂದೇ ಅರ್ಥ. ಬಹಳ ಹಿಂದೆ ಅದು ಬಿಲ್ಲಿನ ಹಾಗೆಯೇ ಇತ್ತು. ಕೋಲು ಕೂದಲಿನಿಂದ ದೂರಕ್ಕೆ, ಹೊರಕ್ಕೆ ಬಾಗಿರುತ್ತಿತ್ತು. ಈಗಿನ ಕಮಾನಿನ ಕೋಲು ತದ್ವಿರುದ್ಧ. ಅದರ ನಡುವು ಕೂದಲಿನ ಕಡೆಗೇ, ಒಳಕ್ಕೆ ಬಾಗಿದೆ.

ಈ ಆಕಾರವನ್ನು ತಿದ್ದಿ ತೀಡಿ ಪಕ್ವ ಮಾಡಿದವರು ಪ್ಯಾರಿಸ್ಸಿನ ಫ್ರಾನ್ಸ್ವಾ ಕ್ಸೇವಿಯೆ ಟೂರ್ಟ್. ಸುಮಾರು 1780ರ ದಶಕದ ಮಾತು. ಅವರು ಮೊದಲು ಕಲಿತದ್ದು ಗಡಿಯಾರದ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಡಿಯಾರ ನಿಂತುಹೋಗುತ್ತದಲ್ಲವೇ? ಆ ಕೈ ಕಮಾನಿಗೂ ಒದಗಿಬಂತು ಎಂದು ನನಗನ್ನಿಸುತ್ತದೆ. ಇಂದು ನಮ್ಮ ಕರ್ನಾಟಕ ಸಂಗೀತದ ಪಿಟೀಲು ವಿದ್ವಾಂಸರ ಕೈಯಲ್ಲಿರುವುದೂ ಇದೇ ಮಾದರಿಯ ಕಮಾನು.

ಒಳಕ್ಕೆ ಬಾಗಿಸಿದ್ದೇಕೆ? ಬಟ್ಟೆಗೆ ಹಾಕುವ ಕ್ಲಿಪ್ಪನ್ನು ನೆನೆಸಿಕೊಳ್ಳಿ. ಒತ್ತಿ ಬಾಯಿ ತೆರೆದರೂ ಅದಕ್ಕೆ ಮುಚ್ಚಿಕೊಳ್ಳುವ ತವಕ. ಕಮಾನಿನ ಬುಡದ ತಿರುಪು ಬಿಗಿದಾಗ ಬಾಗಿದ ಕೋಲು ನೆಟ್ಟಗಾಗಲು ಹೊರಡುತ್ತದೆ. ಆದರೆ ಅದಕ್ಕೂ ತನ್ನ ಹಳೆಯ ಬಾಗಿಗೇ ಮರಳುವ ತವಕ. ಈ ಎಳೆದಾಟದಿಂದ ಕೂದಲು ಬಿಗಿಯಾಗಿ ನಿಲ್ಲುತ್ತದೆ, ಕೋಲು ಸ್ಪ್ರಿಂಗಿನಂತೆ ಚಿಮ್ಮುತ್ತದೆ.

ಹಾಗಾದರೆ ಹಲಗೆಯಿಂದ ಬಾಗಿದ ಕೋಲನ್ನೇ ಕೊಯ್ದುಕೊಂಡರೆ ಆಯಿತಲ್ಲ? ಪರೀಕ್ಷಿಸಿ ನೋಡೋಣ. ಗೆರೆ ಇರುವ ನೋಟುಪುಸ್ತಕದ ಹಾಳೆಯ ಮೇಲೆ ಬಾಗಿದ ಪಟ್ಟಿಯೊಂದನ್ನು ಬರೆದು ಕತ್ತರಿಸಿ. ಗೆರೆಗಳೆಲ್ಲ ಅಂಚಿನಲ್ಲಿ ಅರ್ಧಕ್ಕೇ ತುಂಡಾಗಿವೆ, ಕಂಡಿತೇ? ಮರದೊಳಗೂ ಇಂಥ ಗೆರೆಗಳಿವೆ, ಅವು ನಾರುಗಳು. ನಾರು ತುಂಡಾದ ಕಡೆ ಕೋಲು ಸೋಲುತ್ತದೆ. ಈಗ ಗೆರೆಯುದ್ದಕ್ಕೆ ನೇರ ಪಟ್ಟಿ ಕತ್ತರಿಸಿ, ಬೆರಳಿನಿಂದ ಬಾಗಿಸಿ. ಒಂದು ಗೆರೆಯೂ ತುಂಡಾಗಿಲ್ಲ!

ಕಮಾನು ಮಾಡುವವರ ಗುಟ್ಟೂ ಇದೇ. ಮೊದಲು ನೇರವಾದ ಕೋಲು. ಅದನ್ನು ಸಣ್ಣ ಉರಿಯ ಮೇಲೆ, ನಮ್ಮಲ್ಲಿ ಬಿದಿರನ್ನು ಕಾಯಿಸುವಂತೆ, ಒಳತಿರುಳಿನವರೆಗೂ ಬಿಸಿ ಮಾಡುತ್ತಾರೆ. ಮೇಜಿನ ಅಂಚಿಗೆ ಒತ್ತಿ ಒಂದಿಷ್ಟು ಬಾಗಿಸಿ, ಆರುವವರೆಗೂ ಹಾಗೇ ಹಿಡಿದಿರುತ್ತಾರೆ. ಆಮೇಲೆ ಮುಂದಿನ ಅಂಗುಲ. ನಡುನಡುವೆ ಒಂದು ಕಣ್ಣು ಮುಚ್ಚಿ, ಕೋಲಿನುದ್ದಕ್ಕೂ ದಿಟ್ಟಿಸಿ ನೋಡುತ್ತಾರೆ. ಬೆರಳುದ್ದದ ಪುಟ್ಟ ಕೀಸುಳಿಯಿಂದ ಹೆರೆಯುತ್ತಾರೆ. ಹಿಡಿಯ ಕಡೆ ಸುಮಾರು 8.6 ಮಿಲಿಮೀಟರ್ ದಪ್ಪವಿರುವ ಕೋಲು ತುದಿಗೆ ಬರುವಾಗ 5.3ಕ್ಕೆ ಇಳಿದಿರುತ್ತದೆ. ಫ್ರಾನ್ಸಿನ ಮಿರ್‌ಕೂರ್ ಎಂಬ ಪುಟ್ಟ ಊರಿನಲ್ಲಿ ತಲೆಮಾರುಗಳಿಂದ ಈ ಕಸುಬು ನಡೆದುಬಂದಿದೆ.

ಮರವೂ ಅಂಥಿಂಥದ್ದಲ್ಲ, ಬ್ರೆಜಿಲ್ಲಿನ ಪೆರ್ನಾಂಬುಕೊ. ಮೊದಲು ಯುರೋಪಿನವರು ಇದನ್ನು ಹಡಗಿನಲ್ಲಿ ತರಿಸಿಕೊಂಡದ್ದು ಬಟ್ಟೆಗೆ ಹಾಕುವ ಕೆಂಪು ಬಣ್ಣಕ್ಕಾಗಿ. ಬ್ರೆಜಿಲ್ ದೇಶಕ್ಕೆ ಹೆಸರು ಬಂದದ್ದೇ ಈ ಮರದಿಂದ! ಈಗ ಕಾಡಿನಲ್ಲಿ ಅದು ತೀರಾ ಅಪರೂಪ. 2007ರಿಂದ ಇದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಯಮಗಳಿವೆ. ಕಮಾನು ಮಾಡುವವರೇ ಸೇರಿಕೊಂಡು ಬ್ರೆಜಿಲ್ಲಿನಲ್ಲಿ ಇದರ ಸಸಿಗಳನ್ನು ನೆಡಿಸುತ್ತಿದ್ದಾರೆ. ಇಂದು ನೆಟ್ಟ ಸಸಿ ಕಮಾನಾಗುವಷ್ಟು ಬಲಿಯಲು ಹತ್ತಾರು ವರ್ಷ ಬೇಕು.

ಕಚೇರಿ ಮುಗಿದ ಕೂಡಲೇ ಎದ್ದು ಹೊರಡಬೇಡಿ, ಒಂದು ನಿಮಿಷ ಕಾಯಿರಿ. ಪಿಟೀಲು ನುಡಿಸಿದವರು ಕಮಾನನ್ನು ಪೆಟ್ಟಿಗೆಯಲ್ಲಿಡುವ ಮುಂಚೆ ಬುಡದ ತಿರುಪನ್ನು ನಾಲ್ಕಾರು ಸುತ್ತು ಸಡಿಲಿಸುತ್ತಾರೆ. ಆಗ ಅಷ್ಟು ಹೊತ್ತೂ ಬಿಗಿದುಕೊಂಡಿದ್ದ ಕೋಲು ಮೆಲ್ಲಗೆ ಕೂದಲಿನ ಕಡೆಗೆ ಬಾಗಿ, ಉರಿಯ ಮೇಲೆ ಕಲಿತ ತನ್ನ ಆಕಾರಕ್ಕೆ ಮರಳುತ್ತದೆ.